ಪಕ್ಕದಲ್ಲಿ ಕೂತು ಕೇಳಿದ್ದು

ಬುಧವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ ಅಮ್ಮನ ಅಕ್ಕರೆಯ ಆಶೀರ್ವಾದ.

ಇಪ್ಪತ್ತೂ ಮುಗಿಯಿತು ಕಣೇ! ಗುರುತಿಲ್ಲದ ಇಪ್ಪತ್ತು ಜನರನ್ನು ಮಾತಾಡಿಸಿ, ಕಾಯುವಾಗ ಅವರ ಮನಸ್ಸು ಎಲ್ಲೆಲ್ಲಿ ಅಲೆಯುತ್ತದೆಂದು ಬರೆದುಕೊಂಡು, ನಿನ್ನೆ ಕಾಲೇಜಿನಲ್ಲಿ ನಮ್ಮ ಮೇಡಂ ಕೈಗೆ ಕೊಟ್ಟೆ. ನಿನಗಿಂತ ಎರಡು ವರ್ಷ ಚಿಕ್ಕವರಾದ ಅವರು ನನ್ನ ಬೆನ್ನು ತಟ್ಟಿದರು.

ಹೋದ ವಾರ ಸೋಮವಾರ ಫೋನಿನಲ್ಲಿ ಹತ್ತು ಆಗಿದೆ ಎಂದಿದ್ದೆ. ಸುಳ್ಳು, ಒಂದೂ ಆಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರ ಎದುರು ಹೋಗಿ ನಿಂತಿದ್ದೆ. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದೆ. ಆ ಪುಣ್ಯಾತ್ಮ ನನ್ನ ಕೈಯಲ್ಲಿದ್ದ ಹಾಳೆ ನೋಡಿ, ಇನ್ಶೂರೆನ್ಸ್ ಬೇಡಮ್ಮ ಅಂತ ಎದ್ದೇ ಹೋದ. ನನ್ನ ಕೈಲಾಗದು, ಕೋರ್ಸ್ ಬಿಡುತ್ತೇನೆಂದು ಕಾಲೇಜಿಗೆ ಪತ್ರವನ್ನೂ ಬರೆದೆ.

ಗುರುವಾರ ಅದನ್ನು ಅಂಚೆಗೆ ಹಾಕಲು ಹೊರಟವಳು ಗಂಡಸರ ಸಲೂನಿನ ಮುಂದೆ ನಿಂತುಬಿಟ್ಟೆ. ಒಳಗೆ ಬೆಂಚಿನ ಮೇಲೆ ನಾಲ್ವರು ಕಾಯುತ್ತಿದ್ದರು. ಹೋಗಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ. ಸಲೂನಿನವರೇ ಬಾಗಿಲಿಗೆ ಬಂದು, ನಿಮ್ಮ ಯಜಮಾನ್ರು ಇನ್ನೂ ಬಂದಿಲ್ಲಮ್ಮ, ಕೂತ್ಕೊಳ್ಳಿ ಅಂದರು. ನಿಮ್ಮಪ್ಪ ಅಲ್ಲಿಗೆ ಬರುವುದೇ ಇಲ್ಲವೆಂದು ಹೇಳಲೂ ಬಾಯಿ ಬರದೆ ಕೂತೆ.

ಕೂದಲು ಕತ್ತರಿಸುತ್ತಲೇ ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ಒಂದೊಂದೇ ಕೇಳಿದರು. ನಲವತ್ತೊಂಬತ್ತಕ್ಕೆ ಕಾಲೇಜು, ಈ ಸಂಶೋಧನೆ, ಹೆದರಿಕೆ, ಎಲ್ಲ ಬಾಯಿಬಿಟ್ಟೆ. ಅರ್ಧ ಗಂಟೆಯಲ್ಲಿ ಅವರಿಗೆ ನನ್ನ ಜಾತಕವೇ ಸಿಕ್ಕಿತ್ತು. ನನ್ನ ಹಾಳೆ ಮಾತ್ರ ಖಾಲಿ. ಅವರಿಗೆ ನಗು. ಎದುರಿಗೆ ನಿಂತು ಕೇಳಿದ್ರೆ ಪೊಲೀಸ್ನೋರು ಕೇಳಿದ ಹಾಗಿರುತ್ತೆ, ನಾನು ಯಾವಾಗ್ಲೂ ಹಿಂದಿನಿಂದಾನೇ ಕೇಳೋದು, ನೀವು ಪಕ್ಕದಲ್ಲಿ ಕೂತು ಬೇರೆಲ್ಲೋ ನೋಡ್ತಾ ಕೇಳಿ ಅಂದರು.

ಪಕ್ಕದಲ್ಲೇ ಒಬ್ಬ ಲಾರಿ ಡ್ರೈವರ್ ಇದ್ದ. ನೆಲದ ಮೇಲಿನ ಕೂದಲು ನೋಡುತ್ತಾ ಕೇಳಿದೆ. ಕಾಯುವಾಗಲೆಲ್ಲ ಆತ ಇನ್ನೂ ಕಟ್ಟದ ಮನೆಗೆ ಕಿಟಕಿ ಇಡುತ್ತಾನಂತೆ. ಈವರೆಗೆ ಹನ್ನೊಂದು ಇಟ್ಟಿದ್ದಾನೆ, ಬಾಗಿಲು ಒಂದೂ ಇಲ್ಲ! ಬರೆದುಕೊಳ್ಳುವ ಭರದಲ್ಲಿ ಹೆದರಿಕೆಯೇ ಮರೆತುಹೋಯಿತು. ಐದೇ ದಿನದಲ್ಲಿ ಇಪ್ಪತ್ತಾಯಿತು. ಕೊನೆಯ ಅಜ್ಜಿಯಂತೂ ಕ್ಲಿನಿಕ್ಕಿನಲ್ಲಿ ತನ್ನ ಸರದಿ ಬಂದರೂ ಏಳಲಿಲ್ಲ. ಡಾಕ್ಟ್ರು ಎಲ್ಲಿಗೆ ಓಡಿ ಹೋಗ್ತಾರೆ, ನೀನು ಬರ್ಕೋ ಅಂದರು. ಅಂಚೆಗೆ ಹಾಕದ ಪತ್ರವನ್ನು ಹರಿದು ಹಾಕಿದೆ. ತುಂಬಾ ಸಂತೋಷವಾಗಿದೆ ಪುಟ್ಟಿ.

ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಈ ವಯಸ್ಸಲ್ಲಿ ಯಾಕಮ್ಮ ಓದು ಅಂತಲೂ ಸಲೂನಿನವರು ಕೇಳಿದ್ದರು. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. ನೀನು ಕಾಲೇಜು ಸೇರುವಾಗ ಫಾರಂನಲ್ಲಿ ‘ತಾಯಿಯ ಉದ್ಯೋಗ’ ಎಂಬಲ್ಲಿ ‘ಏನೂ ಇಲ್ಲ’ ಎಂದು ಬರೆದಿದ್ದೆಯಲ್ಲ. ಕೋಪವಿಲ್ಲ, ನೋವಾಗಿತ್ತು, ಅಷ್ಟೇ. ಇನ್ನು ಮುಂದೆ ಯಾರಾದರೂ ಕೇಳಿದರೆ ‘ವಿದ್ಯಾರ್ಥಿನಿ’ ಎಂದು ಬರಿ.