ಎಡಗಾಲಿಗೆ ಎರಡು ದಾರಿ

ಜೂನ್ 3, ಬೆಳಿಗ್ಗೆ

ಇವರ ಮೈ ಒರೆಸಿದ್ದಾಯಿತು. ಬಚ್ಚಲಿಗೆ ಎಂದಿನ ಸವಾರಿ — ಇವರ ಪಾದ ನನ್ನ ಪಾದಗಳ ಮೇಲೆ, ಕೈ ನನ್ನ ಹೆಗಲ ಮೇಲೆ, ನಾನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುವುದು. ಇವರಿಗೆ ಲಕ್ವ ಹೊಡೆದ ಮೇಲೆ ನಾವೇ ಕಂಡುಕೊಂಡ ಉಪಾಯ. ಇವರನ್ನು ಮಲಗಿಸಿ ಮೆಟ್ಟಿಲಿಳಿಯುವಾಗ ಎಡಗಾಲು ಹೊರಳಿತು. ಟಪ್ ಎಂದಿತು. ಆಗ ಇವರು ನನ್ನ ಪಾದದ ಮೇಲಿರಲಿಲ್ಲ, ಅಷ್ಟೇ ಪುಣ್ಯ.

ಜೂನ್ 5

ಡಾಕ್ಟರಿಗೆ ಇನ್ನೂ ಮೀಸೆ ಬಲಿತಿಲ್ಲ. "ಅಜ್ಜಿ, ಪಾದದ ಗಂಟಿನ ಲಿಗಮೆಂಟ್ ಹರಿದಿದೆ. ಎರಡು ದಾರಿ. ಬ್ರೇಸ್ ಹಾಕ್ಕೊಂಡು, ವ್ಯಾಯಾಮ ಮಾಡ್ತಾ, ಭಾರ ಎತ್ತದೆ ಇದ್ರೆ ಎಷ್ಟೋ ಜನಕ್ಕೆ ಹಾಗೇ ವಾಸಿಯಾಗುತ್ತೆ. ಆಪರೇಷನ್ ಅಂದ್ರೆ ವಾರಗಟ್ಲೆ ಕಾಲೂರೋ ಹಾಗಿಲ್ಲ."

"ಭಾರ ಅಂದ್ರೆ ಗಂಡನೂ ಸೇರ್ತಾನಾ?"

ನಕ್ಕರು. ನಾನು ನಗಲಿಲ್ಲ.

ಹೊರಗೆ ಬಂದದ್ದೇ ಮಗಳು — "ಆಪರೇಷನ್ನೇ ಮಾಡಿಸ್ಕೋಮ್ಮಾ. ಅಪ್ಪನ್ನ ನಾನು ಕರ್ಕೊಂಡು ಹೋಗ್ತೀನಿ, ಆಯಾನ ಇಡ್ತೀನಿ."

"ನಿಮ್ಮಪ್ಪ ಏನು ಸೂಟ್‌ಕೇಸಾ?"

ಬ್ರೇಸ್ ಹಾಕಿಸಿಕೊಂಡು ಬಂದೆ.

ಜೂನ್ 6

ಬ್ರೇಸ್ ಎಂದರೆ ಎತ್ತಿಗೆ ಲಾಳ ಕಟ್ಟಿದ ಹಾಗೆ. ಗಟ್ಟಿ ಪ್ಲಾಸ್ಟಿಕ್ಕು. ಇವರ ಪಾದ ಅದರ ಮೇಲೆ ನಿಲ್ಲದು. ಅಂಚು ಒತ್ತಿ ಮುಖ ಕಿವುಚಿದರು. ಮಾತು ಹೋದರೇನು, ಬೈಗುಳವೆಲ್ಲ ಮುಖದಲ್ಲೇ ಇದೆ. ಮಗಳು ಆಯಾಳನ್ನು ಕಳಿಸಿದ್ದಳು. ಅವಳು ಮುಟ್ಟಿದರೆ ಇವರ ಮೈ ಕಬ್ಬಿಣ. ವಾಪಸು ಕಳಿಸಿದೆ. ಬ್ರೇಸ್ ಬಿಚ್ಚಿಟ್ಟು ಬಚ್ಚಲಿಗೆ ಕರೆದೊಯ್ದೆ, ಆಮೇಲೆ ಮತ್ತೆ ಹಾಕಿಕೊಂಡೆ. ಅಷ್ಟು ಹೊತ್ತಿಗೆ ಏನಾಗುತ್ತದೆ?

ಜೂನ್ 30

ಡಾಕ್ಟರು ಪಾದ ಹಿಡಿದು ಅಲುಗಿಸಿದರು. "ಬ್ರೇಸ್ ಬಿಡದೆ ಹಾಕ್ತಿದೀರಾ? ಮತ್ಯಾಕೆ ಇಷ್ಟು ಸಡಿಲ?"

"ವಯಸ್ಸಾಯ್ತಲ್ಲಪ್ಪ. ಈಗ ನಾಲಿಗೆ ಒಂದೇ ಬಿಗಿ ಇರೋದು."

ಜುಲೈ 12

ಬಿದ್ದೆವು. ಇಬ್ಬರೂ. ಬಚ್ಚಲ ಬಾಗಿಲಲ್ಲಿ ಕಾಲು ಮಡಚಿಕೊಂಡಿತು. ಇವರ ಹಣೆ ಒಡೆದು ರಕ್ತ… ಪಕ್ಕದ ಮನೆಯವರು ಬರುವ ತನಕ ಹಾಗೇ ಬಿದ್ದಿದ್ದೆವು. ನನ್ನ ತೋಳು ಬಿಡಲಿಲ್ಲ ಇವರು.

ಬ್ರೇಸ್ ಕುರ್ಚಿಯ ಮೇಲಿತ್ತು. ಮಗಳು ಅದನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 20

ಆಪರೇಷನ್ ಆಯಿತು. ಇವರು ಮಗಳ ಮನೆಯಲ್ಲಿ. ಕರೆದುಕೊಂಡು ಹೋದಾಗ ನಾನು ಆಸ್ಪತ್ರೆಯಲ್ಲಿದ್ದೆ. ಅತ್ತರೇ ಎಂದು ಕೇಳಿದೆ. ಮಗಳು ದಿಂಬು ಸರಿಮಾಡಿದಳು.

ಅಕ್ಟೋಬರ್ 9

ಕಾಲು ಕಂಬದ ಹಾಗೆ ಗಟ್ಟಿಯಾಗಿದೆ. ಇನ್ನು ಹೆದರಬೇಡಿ ಎಂದರು ಡಾಕ್ಟರು. ಇವರ ಹಾಸಿಗೆ ಬಿಸಿಲಿಗೆ ಹಾಕಿದೆ. ನಾಳೆ ಕರೆತರುವುದು. ಮಗಳು "ನೋಡೋಣಮ್ಮ" ಎಂದಳು. ನೋಡುವುದೇನು?

ಅಕ್ಟೋಬರ್ 10

ಹೋಗಿದ್ದೆ. ನನ್ನನ್ನು ಕಂಡು ಇವರ ಕಣ್ಣು ತುಂಬಿತು. ಎದುರು ನಿಂತು ತೋಳು ಚಾಚಿದೆ. "ಬನ್ನಿ ಮಹಾರಾಯ್ರೇ, ಗಾಡಿ ರಿಪೇರಿ ಆಗಿದೆ."

ನನ್ನ ಎಡಗಾಲು ನೋಡಿದರು. ಮಂಚದ ಕಂಬಿ ಹಿಡಿದುಕೊಂಡರು — ಬೆರಳು ಬೆಳ್ಳಗಾಗುವಷ್ಟು. ಬಿಡಿಸಲು ಹೋದೆ. ಇವರು ಇನ್ನೂ ಬಿಗಿಯಾಗಿ ಹಿಡಿದರು. ಆಯಾ ಬಂದಳು. ಸುಮ್ಮನೆ ಅವಳ ಹೆಗಲಿಗೆ ಕೈ ಹಾಕಿದರು.

ಒಬ್ಬಳೇ ವಾಪಸು ಬಂದೆ. ಬಸ್ಸಿನಿಂದ ಮನೆ ತನಕ ನಡೆದೇ ಬಂದೆ. ಕಾಲು ಒಂದಿಷ್ಟೂ ನೋಯಲಿಲ್ಲ. ಎಷ್ಟು ಭಾರ ಬೇಕಾದರೂ…