ಬಾಯ್ಲರ್ ಕಳಚಿಸಿದವಳು

ಪುವೆರ್ತೊ ಅಲೆರ್ಸೆ, ಚಿಲಿ
ಜುಲೈ ೧೪

ದೋನ್ಯಾ ಎರ್ಸಿಲಿಯಾ ಅವರಿಗೆ,

ನಿಮ್ಮ ಉಸಿರಾಟ ಸ್ವಲ್ಪ ಹಗುರಾಗಿದೆ ಎಂದು ಆಸ್ಪತ್ರೆಯ ನರ್ಸ್ ಹೇಳಿದರು. ನಗರಸಭೆಯ ಕಟ್ಟಡಗಳಲ್ಲಿ ಹೊಗೆ ನಿಲ್ಲಿಸುವ ಹೊಣೆ ನನ್ನದು; ಕರೆಂಟ್ ಹೋದಾಗ ಹೀಟರ್ ನಡೆಸಬೇಕಾದ ಬ್ಯಾಟರಿಗಳು ಬರುವ ಮೊದಲೇ ನಿಮ್ಮ ವೃದ್ಧಾಶ್ರಮದ ಡೀಸೆಲ್ ಬಾಯ್ಲರ್ ಕಳಚಿಸಿ ವಿದ್ಯುತ್ ಹೀಟರ್ ಹಾಕಿಸಿದವಳೂ ನಾನೇ. "ಕರೆಂಟ್ ಹೋದ್ರೆ ಏನ್ಮಾಡ್ತೀಯೇ ಹುಡುಗಿ?" ಎಂದು ನೀವು ಕೇಳಿದಾಗ ನಕ್ಕುಬಿಟ್ಟಿದ್ದೆ. ಬಿರುಗಾಳಿಗೆ ಎರಡು ದಿನ ಕರೆಂಟ್ ಹೋಯಿತು. ಹೀಟರ್ ಆರಿ, ಈ ಜುಲೈ ಚಳಿಯಲ್ಲಿ ನೀವು ಆಸ್ಪತ್ರೆ ಸೇರಬೇಕಾಯಿತು.

ಬ್ಯಾಟರಿ ಬರುವವರೆಗೆ ಹಳೆಯ ಬಾಯ್ಲರನ್ನೇ ಮತ್ತೆ ಜೋಡಿಸುತ್ತಿದ್ದೇವೆ. "ಹೀಟರ್ ಉದ್ಘಾಟನೆಯಾಗಿ ತಿಂಗಳೂ ಆಗಿಲ್ಲ, ಊರೆಲ್ಲಾ ನಗುತ್ತೆ ಕಣಮ್ಮಾ," ಎಂದರು ಮೇಯರ್. "ನಗ್ಲಿ ಬಿಡಿ, ತಪ್ಪು ನಂದೇ," ಎಂದು ಆದೇಶಕ್ಕೆ ಸಹಿ ಹಾಕಿದೆ.

ಚಳಿಗಾಲ ಮುಗಿಯುವವರೆಗೆ ನನ್ನ ಕಚೇರಿಯ ಮೇಜನ್ನು ಆಶ್ರಮದಲ್ಲೇ, ನಿಮ್ಮ ಕೋಣೆಯ ಪಕ್ಕದ ಕೋಣೆಯಲ್ಲಿ ಹಾಕಿಸಿಕೊಂಡಿದ್ದೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನರ್ಸ್ ಕೈಲಿ ಹೇಳಿಕಳಿಸಿ. ಮೇಜನ್ನು ಪಡಸಾಲೆಗೆ ಸರಿಸುತ್ತೇನೆ. ಆಶ್ರಮ ಬಿಟ್ಟು ಮಾತ್ರ ಹೋಗುವುದಿಲ್ಲ.

ತಲೆ ತಗ್ಗಿಸಿ,
ನೆಲಿದಾ ಓಯಾರ್ಸೊ