ಶನಿವಾರದ ಪರಿಚಯ ಭಾಷಣ

ಲಿಂಡಾಲ್, ಮಿನ್ನೆಸೋಟ
ಅಕ್ಟೋಬರ್ ೩, ಭಾನುವಾರ

ಪ್ರೀತಿಯ ಮಾರ್ನಿ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಮುದುಕಿ ಎಲ್ಲೋ ಜಾರಿ ಬಿದ್ದಿರಬೇಕು ಎಂದುಕೊಂಡಿರುತ್ತೀಯ. ಬಿದ್ದಿಲ್ಲ. ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ ಅಷ್ಟೇ, ಉಳಿದಂತೆ ಗಟ್ಟಿಯಾಗಿದ್ದೇನೆ. ಉತ್ತರ ಬರೆಯಲು ಕೂರುವುದು, ಏಳುವುದು, ಇದೇ ಆಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಮೊದಲು ಕಾಲೇಜಿನ ಸುದ್ದಿ. ಫುಟ್‌ಬಾಲ್ ತಂಡ ವಾಡಿಕೆಯಂತೆ ಸೋಲುತ್ತಿದೆ. ಹೊಸ ಈಜುಕೊಳ ಎದ್ದು ನಿಂತಿದೆ, ಇಡೀ ಊರನ್ನೇ ಅದರಲ್ಲಿ ಮುಳುಗಿಸಬಹುದು. ಹಾಸ್ಟೆಲಿನಲ್ಲಿ ಬ್ರೆಡ್ಡು ಸುಡಲು ಹೋಗಿ ಪರದೆ ಹೊತ್ತಿಸಿ, ನಿಮ್ಮೆಲ್ಲರನ್ನೂ ಹಿಮದಲ್ಲಿ ನಿಲ್ಲಿಸಿದ್ದನಲ್ಲ ಡರೆಲ್, ಅವನು ಈಗ ಉತ್ತರದ ಯಾವುದೋ ಊರಿನಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥ. ಗ್ರೇಟಾ ಮಾಡುವ ಮೇಕೆ ಹಾಲಿನ ಚೀಸ್‌ಗೆ ರಾಜ್ಯದ ಮೇಳದಲ್ಲಿ ಮೊದಲ ಬಹುಮಾನ ಬಂತು. ನನ್ನ ತರಗತಿಯಲ್ಲಿ ನಾರ್ವೇಜಿಯನ್ ಭಾಷೆಯ ಒಂದು ವಾಕ್ಯವನ್ನೂ ನೆಟ್ಟಗೆ ಬರೆಯದ ಹುಡುಗಿ, ಈಗ ಮೇಕೆಗಳನ್ನು ಅದೇ ಭಾಷೆಯಲ್ಲಿ ಬೈಯುತ್ತಾಳಂತೆ.

ಹಳೆ ವಿದ್ಯಾರ್ಥಿಗಳ ಪತ್ರಿಕೆಯ ಈ ಸಂಚಿಕೆ ನೋಡಿದೆಯಾ? ಮುಖಪುಟದಲ್ಲಿ ನೀನೇ. ವರ್ಷದ ಹೆಮ್ಮೆಯ ವಿದ್ಯಾರ್ಥಿನಿ, ಚಿಕಾಗೋದಲ್ಲಿ ಅಷ್ಟೊಂದು ಆಸ್ಪತ್ರೆಗಳನ್ನು ನಡೆಸುವವಳು, ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯೆ. ಕೋಟು ನಿನಗೆ ಚೆನ್ನಾಗಿ ಒಪ್ಪುತ್ತದೆ. ನನ್ನ ಐನಾರ್ ಇದ್ದಿದ್ದರೆ ಆ ಪುಟ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುತ್ತಿದ್ದ. ಅವನಿಲ್ಲವಲ್ಲ, ನಾನೇ ಅಂಟಿಸಿದೆ. ಒಳಪುಟದಲ್ಲಿ, ಈಜುಕೊಳದ ಫೋಟೋದ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸುದ್ದಿಯಿದೆ: ಆಡಳಿತ ಮಂಡಳಿಯ ತೀರ್ಮಾನದಂತೆ ನಾರ್ವೇಜಿಯನ್ ವಿಭಾಗವನ್ನು ವರ್ಷದ ಕೊನೆಗೆ ಮುಚ್ಚಲಾಗುವುದು. ನನ್ನ ಹೆಸರೂ ಇಲ್ಲ, ತೋಬಿಯಾಸನ ಹೆಸರೂ ಇಲ್ಲ.

ತೋಬಿಯಾಸ್ ನಿನಗೆ ಗೊತ್ತಿಲ್ಲ. ನನ್ನ ಜೊತೆ ಪಾಠ ಮಾಡುವ ಹುಡುಗ. ನನ್ನ ನಂತರ ವಿಭಾಗ ಅವನದೇ ಎಂದು ಎಲ್ಲರೂ ಹೇಳಿದ್ದನ್ನು ನಂಬಿ, ವಸಂತದಲ್ಲಿ ಇಲ್ಲೇ ಮನೆ ಕೊಂಡ. ಹೆಂಡತಿ ತುಂಬು ಬಸುರಿ. ಸುದ್ದಿ ತಿಳಿದ ದಿನ ನನ್ನ ಕೋಣೆಗೆ ಬಂದು ಕೋಟು ಕೂಡ ತೆಗೆಯದೆ ಕೂತ.

"ನೀವು ಹೇಗೂ ರಿಟೈರ್ ಆಗೋರು, ರಾಗ್ನಾ. ನಾನು ಈ ಭಾಷೆ ಕಟ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದ. ಆಮೇಲೆ ತಾನೇ, "ಹುಟ್ಟೋ ಮಗು ಹತ್ರ ಮಾತಾಡ್ತೀನಿ ಬಿಡಿ. ಸಂಬಳ ಅದೇ ಕೊಡ್ಲಿ," ಎಂದ. ನಗಲು ಹೋಗಿ ಆಗಲಿಲ್ಲ ಅವನಿಗೆ. ನಾನು ಕಾಫಿ ಬಗ್ಗಿಸಿ ಕೊಟ್ಟೆ.

ಈಗ ನೀನು ಕೇಳಿದ ವಿಷಯ, ಶನಿವಾರದ ಪ್ರಶಸ್ತಿ ಸಮಾರಂಭದ್ದು. ಪ್ರಶಸ್ತಿ ಪಡೆಯುವವರು ತಮ್ಮನ್ನು ಪರಿಚಯಿಸುವ ಮೇಷ್ಟ್ರನ್ನು ತಾವೇ ಆರಿಸುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ, ನೀನು ನನ್ನನ್ನು ಆರಿಸಿದ್ದೀಯ. ನಿನ್ನ ತರಗತಿಯವಳೊಬ್ಬಳು ಫೋನ್ ಮಾಡಿ, "ನೀವು ಆ ವೇದಿಕೆ ಹತ್ತಿದ್ರೆ, ಮುಚ್ಚಿದ್ದಕ್ಕೆ ನೀವೇ ಸೈ ಅಂದ ಹಾಗಾಗತ್ತೆ," ಎಂದು ರೇಗಿದಳು. ತೋಬಿಯಾಸನದು ಬೇರೆ ರಾಗ: "ಹೋಗಿ, ಹೋಗಿ. ಮೈಕ್ ಸಿಗತ್ತಲ್ಲ, ಎಲ್ಲರ ಬೆವರಿಳಿಸಿ ಬನ್ನಿ." ಹೋಗಲೋ ಬೇಡವೋ ಎಂಬ ಹೊಯ್ದಾಟದಲ್ಲೇ ನಿನಗೆ ಉತ್ತರ ತಡವಾಯಿತು.

ನೀನು ಯಾವ ಕಡೆ ಮತ ಹಾಕಿದೆ ಎಂದು ಕೇಳುವುದಿಲ್ಲ. ಓದುವ ಮಕ್ಕಳು ಬರದಿದ್ದರೆ ಓದಿಸುವವರನ್ನು ಯಾರೂ ಸಾಕುವುದಿಲ್ಲ, ಅಷ್ಟು ನನಗೂ ಅರ್ಥವಾಗುತ್ತದೆ. ನನಗೆ ನೆನಪಾಗುವುದು ಬೇರೆ. ನೀನು ಅಪ್ಪನ ಜೊತೆ ಜಗಳವಾಡಿ ಡಕೋಟಾದಿಂದ ಒಂದು ಚೀಲ ಹಿಡಿದು ಬಂದವಳು ನಮ್ಮ ಅಟ್ಟದ ಕೋಣೆಯಲ್ಲಿ ಎರಡು ಚಳಿಗಾಲ ಕಳೆದೆ. ಐನಾರ್ ಸ್ಕೀ ಕಲಿಸಲು ಕರೆದುಕೊಂಡು ಹೋದರೆ, ಬಿದ್ದಲ್ಲೇ ಕೂತು ಕ್ರಿಯಾಪದ ಉರುಹೊಡೆಯುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ. ಆ ಕೊರತೆ ಆ ಎರಡು ವರ್ಷ ನಮಗೆ ಮರೆತೇ ಹೋಗಿತ್ತು. ಇದನ್ನೇ ಶನಿವಾರ ಹೇಳುತ್ತೇನೆ. ಬರುತ್ತೇನೆ ಮಾರ್ನಿ, ಎದ್ದು ನಿಂತು ಹೇಳುತ್ತೇನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇದು ಜಿಂಕೆಗಳು ರಸ್ತೆಗೆ ನುಗ್ಗುವ ಕಾಲ, ನೋಡಿಕೊಂಡು ಕಾರು ಓಡಿಸು.

ನಿನ್ನ
ರಾಗ್ನಾ

ತಾ.ಕ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಶುಕ್ರವಾರ ಡೀನ್ ವೆಂಡೆಲ್ ಎದುರಾದ. ಸಮಾಧಾನ ಹೇಳುವವನಂತೆ ನನ್ನ ಕೈ ಹಿಡಿದುಕೊಂಡು, "ನಿಮಗೇ ಸಾಕಾಗಿತ್ತಂತಲ್ಲ ರಾಗ್ನಾ. ಮುಚ್ಚಿದ್ರೆ ನೆಮ್ಮದಿ ಅಂದಿದ್ರಂತೆ. ಮಾರ್ನಿ ಸಭೇಲಿ ಹೇಳಿದ್ರು. ಅದು ಕೇಳಿದ್ಮೇಲೆ ಮುಚ್ಚೋದು ಬೇಡ ಅಂತಿದ್ದೋರೂ ಸುಮ್ಮನಾದ್ರು," ಎಂದ.

ಹೌದು, ಅಂದಿದ್ದೆ. ಏಪ್ರಿಲ್ಲಿನಲ್ಲಿ, ಐನಾರ್‌ನನ್ನು ಮಣ್ಣು ಮಾಡಿ ಬಂದ ದಿನ. ಬಂದವರೆಲ್ಲ ಹೊರಟ ಮೇಲೆ ನೀನು ತಟ್ಟೆ ಒರೆಸುತ್ತಿದ್ದೆ, ನಾನು ತೊಳೆಯುತ್ತಿದ್ದೆ. ಅವತ್ತು ನನಗೆ ಪಾಠ, ಕಾಲೇಜು, ಮರುದಿನ ಬೆಳಗಾಗುವುದು, ಯಾವುದೂ ಬೇಡವಾಗಿತ್ತು. ಅದು ನಿನಗೆ ಗೊತ್ತಿತ್ತು, ನೀನೂ ಅಳುತ್ತಿದ್ದೆ. ಗೊತ್ತಿದ್ದೂ ಆ ಮಾತನ್ನು ಎತ್ತಿಕೊಂಡು ಹೋಗಿ ಅವರ ಮುಂದಿಟ್ಟೆ. ತೋಬಿಯಾಸನ ಕೆಲಸ ಹೋದದ್ದು ನನ್ನ ಮಾತಿನಿಂದ. ಅವನಿಗೆ ಇನ್ನೂ ಗೊತ್ತಿಲ್ಲ, ನಾನೇ ಹೇಳಬೇಕು.

ಶನಿವಾರ ನಿನ್ನ ಬಗ್ಗೆ ಒಳ್ಳೆಯದನ್ನೇ ಹೇಳುತ್ತೇನೆ, ಹೇಳುವುದೆಲ್ಲ ನಿಜವೇ. ಆಮೇಲೆ ಊಟಕ್ಕೆ ಬಾ. ಇಷ್ಟು ವರ್ಷ ಅಡುಗೆಮನೆಯ ಬಾಗಿಲಿಂದ, ತಟ್ಟದೆಯೇ ಒಳಗೆ ಬರುತ್ತಿದ್ದೆ. ಈ ಸಲ ಮುಂಬಾಗಿಲಿಗೆ ಬಂದು ಬೆಲ್ ಒತ್ತು.